ಅಮ್ಮ, ಸರ್ಪಸುತ್ತು: ಎರಡಕ್ಕೂ ಬೀಜ ಒಂದೇ



ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಏರುತ್ತದೆ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತೇವೆ. ತಮಿಳಿನಲ್ಲಿ ‘ಚಿನ್ನಮ್ಮೈ’. ವೈದ್ಯರು ಇದನ್ನು ಸೀತಾಳೆ ಸಿಡುಬು ಅಥವಾ ಚಿಕನ್‌ಪಾಕ್ಸ್ ಎನ್ನುತ್ತಾರೆ. ಹಿಂದೆ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ದೊಡ್ಡ ಸಿಡುಬು ಬೇರೆ. ಅದು ನಮ್ಮ ದೇಶದಲ್ಲಿ 1975ರಲ್ಲೇ ಕೊನೆಗೊಂಡಿತು. ಇದು ಇನ್ನೂ ನಮ್ಮ ನಡುವೆ ಇದೆ.

ಮಕ್ಕಳಿಗೆ ಬಂದರೆ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ದೊಡ್ಡವರಿಗೆ ಹಾಗಲ್ಲ. ಜ್ವರವೂ ಹೆಚ್ಚು, ಗುಳ್ಳೆಯೂ ಹೆಚ್ಚು. ಕೆಲವರಿಗೆ ನ್ಯುಮೋನಿಯ ಆಗುತ್ತದೆ. ಬಸುರಿಯರಿಗೆ, ಬೀಡಿ ಸೇದುವವರಿಗೆ, ರೋಗ ತಡೆಯುವ ಶಕ್ತಿ ಕುಂದಿದವರಿಗೆ ಅಪಾಯ ಇನ್ನೂ ಹೆಚ್ಚು.

ಗುಳ್ಳೆ ಒಣಗಿದರೂ ರೋಗದ ವೈರಸ್ಸು ಮೈಬಿಟ್ಟು ಹೋಗುವುದಿಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ, ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾದಾಗಲೋ, ಶಕ್ತಿ ಕುಂದಿದಾಗಲೋ ಎದ್ದು ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಇದೇ ಸರ್ಪಸುತ್ತು. ಎರಡೂ ಒಂದೇ ಬೀಜದವು ಎಂದು ಇಂಗ್ಲೆಂಡಿನ ಹಳ್ಳಿಗಾಡಿನ ವೈದ್ಯ ಹೋಪ್-ಸಿಂಪ್ಸನ್ ತಮ್ಮ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ವಿವರಿಸಿದರು.

‘ಹಾವಿನ ತಲೆಯೂ ಬಾಲವೂ ಕೂಡಿದರೆ ಜೀವ ಹೋಗುತ್ತದೆ’ ಎಂಬ ಮಾತು ಕೇಳಿದ್ದೀರಲ್ಲವೇ? ಹೆದರಬೇಡಿ. ಒಂದು ನರ ಮೈಯ ಒಂದೇ ಮಗ್ಗುಲಿಗೆ ಸೇರಿದ್ದು. ಆದ್ದರಿಂದ ಗುಳ್ಳೆಗಳು ಸಾಧಾರಣವಾಗಿ ಮೈಯ ನಡುಗೆರೆಯನ್ನು ದಾಟುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ಎರಡಕ್ಕೆ. ಒಂದು, ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ನೋವು. ಇನ್ನೊಂದು, ಹಣೆಯಲ್ಲಿ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಒದಗುವ ಕೇಡು.

ಇದಕ್ಕೆ ಔಷಧ ಇದೆ. ಅಸೈಕ್ಲೋವಿರ್ ಎಂಬ ಮಾತ್ರೆ. ಆದರೆ ಅದಕ್ಕೆ ಗಡುವು ಉಂಟು. ದೊಡ್ಡವರ ಸೀತಾಳೆಗೆ ಮೊದಲ ಗುಳ್ಳೆ ಕಂಡ 24 ಗಂಟೆಯೊಳಗೆ, ಸರ್ಪಸುತ್ತಿಗೆ 72 ಗಂಟೆಯೊಳಗೆ ಶುರುವಾದರೆ ಗುಣ ಚೆನ್ನಾಗಿ ಕಾಣುತ್ತದೆ. ನಮ್ಮ ಕಡೆ ಕೆಮ್ಮಣ್ಣಿನಲ್ಲಿ ‘ಅಕ್ಕಿ ಬರೆಸಿ’, ಮೂರು ದಿನ ಕಾದು, ಆಮೇಲೆ ಆಸ್ಪತ್ರೆಯ ದಾರಿ ಹಿಡಿಯುವವರು ಉಂಟು. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಬಣ್ಣಾರಿ ಅಮ್ಮನಿಗೆ ಹರಕೆ ಹೊರಿ, ಬೇಡ ಎನ್ನುವವರಿಲ್ಲ. ಆದರೆ ಮೊದಲು ತಾಳವಾಡಿ ಆಸ್ಪತ್ರೆಗೆ ಹೋಗಿ. ಕಣ್ಣಿನ ಹತ್ತಿರ ಗುಳ್ಳೆ ಎದ್ದರೆ, ಏದುಸಿರು ಬಂದರೆ, ಚಾಮರಾಜನಗರವೋ, ದಿಂಬಂ ಘಟ್ಟದ 27 ತಿರುವು ಇಳಿದು ಸತ್ಯಮಂಗಲವೋ, ಅದೇ ದಿನ ಹೊರಡಿ. ತಮಿಳು ವೈದ್ಯರಿಗೆ ‘ಅಕ್ಕಿ’ ಎಂದರೆ ಸರ್ಪಸುತ್ತು ಎಂದು ತಿಳಿಯುತ್ತದೆ. ಕನ್ನಡದ ವೈದ್ಯರಿಗೆ ಅದು ಅನ್ನದ ಅಕ್ಕಿ. ಗಡಿ ದಾಟಿದಾಗ ಮಾತೂ ಬದಲಾಗಲಿ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ರೋಗಿಯನ್ನು ಬೇರೆ ಮಲಗಿಸುವ ನಮ್ಮ ಹಿರಿಯರ ಕ್ರಮ ಸರಿಯಾದದ್ದೇ; ಎಲ್ಲಾ ಗುಳ್ಳೆ ಹೊಪ್ಪಳೆಗಟ್ಟುವ ತನಕ ಅದು ನಡೆಯಲಿ. ಉಗುರು ಕತ್ತರಿಸಿ. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಬಹುದು. ಅನ್ನ, ಗಂಜಿ, ನೀರು ಧಾರಾಳವಾಗಿ ಕೊಡಿ. ಗುಳ್ಳೆಗೆ ಮಣ್ಣು ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಸರ್ಪಸುತ್ತಿನ ಗುಳ್ಳೆಯ ನೀರು ತಾಗಿದರೆ, ಹಿಂದೆ ಸೀತಾಳೆ ಬಾರದವರಿಗೆ ಸೀತಾಳೆ ಬರಬಹುದು. ಆದ್ದರಿಂದ ಅಜ್ಜಿಗೆ ಸರ್ಪಸುತ್ತು ಆಗಿದ್ದರೆ ಗುಳ್ಳೆಯನ್ನು ಬಟ್ಟೆಯಿಂದ ಮುಚ್ಚಿರಲಿ. ಬಸುರಿ ಸೊಸೆ, ಎಳೆಗೂಸು ದೂರವಿರಲಿ.

ಸೀತಾಳೆ ಬಾರದ ದೊಡ್ಡವರಿಗೆ ಎರಡು ಸಲ ಹಾಕುವ ಲಸಿಕೆ ಇದೆ. ಬಸುರಿಯರಿಗೆ ಅದು ಕೂಡದು. ಐವತ್ತು ದಾಟಿದವರಿಗೆ ಸರ್ಪಸುತ್ತಿನ ಹೊಸ ಲಸಿಕೆ 2023ರಲ್ಲಿ ನಮ್ಮ ದೇಶಕ್ಕೆ ಬಂದಿದೆ. ಬೆಲೆ ಮಾತ್ರ ಹೆಚ್ಚು. ವೈದ್ಯರನ್ನು ಕೇಳಿ ತಿಳಿಯಿರಿ.

ಒಂದೇ ಮಗ್ಗುಲಲ್ಲಿ ಉರಿ, ಪಟ್ಟಿಯಂತೆ ಎದ್ದ ಗುಳ್ಳೆ: ಇದನ್ನು ಕಂಡ ದಿನವನ್ನು ಮೊದಲನೆಯ ದಿನ ಎಂದು ಎಣಿಸಿಕೊಳ್ಳಿ. ಮೂರನೆಯ ದಿನದ ತನಕ ಕಾಯಬೇಡಿ.