ತಂತಿಯೊಡನೆ ಹೋಗುವುದೇನು?

1995ರ ಜುಲೈ 31ರಂದು ಕಲ್ಕತ್ತೆಯಲ್ಲಿದ್ದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಅದು ಭಾರತದ ಮೊದಲ ಮೊಬೈಲ್ ಕರೆ. ಅಲ್ಲಿಂದೀಚೆಗೆ ನಮ್ಮ ನಡುಮನೆಯ ದೂರವಾಣಿ ಮೆಲ್ಲಮೆಲ್ಲನೆ ಮೌನವಾಯಿತು. ಅದಕ್ಕಾಗಿ ಕಣ್ಣೀರಿಡಬೇಕಾದುದಿಲ್ಲ. ಆದರೆ ತಂತಿಯೊಡನೆ ನಾವು ಕಳೆದುಕೊಳ್ಳುವುದೇನು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ತಾಮ್ರದ ತಂತಿ ಮಾತನ್ನು ಮಾತ್ರ ತರುತ್ತಿರಲಿಲ್ಲ, ವಿದ್ಯುತ್ತನ್ನೂ ತರುತ್ತಿತ್ತು. ದೂರವಾಣಿ ಕೇಂದ್ರದಲ್ಲಿ ಬ್ಯಾಟರಿಗಳ ಸಾಲು ಇರುತ್ತದೆ. ಅಲ್ಲಿಂದ ಸುಮಾರು 48 ವೋಲ್ಟಿನ ವಿದ್ಯುತ್ತು ಪ್ರತಿಯೊಂದು ಮನೆಗೂ ಹರಿಯುತ್ತದೆ. ಆದುದರಿಂದಲೇ ಮಳೆಗಾಲದ ರಾತ್ರಿ ಊರಿಗೆ ಊರೇ ಕತ್ತಲಲ್ಲಿ ಮುಳುಗಿದ್ದಾಗಲೂ, ತಂತಿ ಕಡಿಯದಿದ್ದರೆ, ದೂರವಾಣಿ ಮಾತನಾಡುತ್ತಿತ್ತು. ಈ ಉಪಕಾರವನ್ನು ನಾವು ಗಮನಿಸಿದ್ದೇ ಕಡಮೆ.

ಅಮೆರಿಕದಲ್ಲಿ ಹಳೆಯ ದೂರವಾಣಿಯನ್ನೇ ಮೊಬೈಲ್ ಜಾಲಕ್ಕೆ ಜೋಡಿಸುವ ಏರ್ಪಾಡೊಂದು ಬಳಕೆಗೆ ಬಂದಿತು. ಒಂದು ಪುಟ್ಟ ಪೆಟ್ಟಿಗೆಯನ್ನು ಮನೆಯ ವಿದ್ಯುತ್ತಿಗೆ ಸಿಕ್ಕಿಸಿ, ಹಳೆಯ ಫೋನನ್ನು ಅದಕ್ಕೆ ಜೋಡಿಸಿದರಾಯಿತು. ಸಂಖ್ಯೆ ಅದೇ, ಉಪಕರಣವೂ ಅದೇ. ಖರ್ಚೂ ಹಲವೊಮ್ಮೆ ಕಡಮೆ. ಮೇಲುನೋಟಕ್ಕೆ ಏನೂ ಬದಲಾಗದು.

2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಎಂಬ ಚಂಡಮಾರುತ ಅಲ್ಲಿನ ಪೂರ್ವ ಕರಾವಳಿಯನ್ನು ಅಪ್ಪಳಿಸಿತು. ನ್ಯೂಯಾರ್ಕ್ ರಾಜ್ಯದ ಫೈರ್ ಐಲೆಂಡ್ ಎಂಬ ಕಿರುದ್ವೀಪದಲ್ಲಿ ತಾಮ್ರದ ತಂತಿಗಳು ಬಹುಮಟ್ಟಿಗೆ ಹಾಳಾದವು. ವೆರೈಝನ್ ಕಂಪನಿ ಅವನ್ನು ಮತ್ತೆ ಹಾಕುವ ಬದಲು 'ವಾಯ್ಸ್ ಲಿಂಕ್' ಎಂಬ ಇಂಥದೇ ಪೆಟ್ಟಿಗೆಯನ್ನು ಮುಂದಿಟ್ಟಿತು. ಕಂಪನಿಯ ಲೆಕ್ಕ ಸರಳ: ಉಪ್ಪುನೀರು ತಿಂದ ತಂತಿಗೆ ಮತ್ತೆ ಹಣ ಸುರಿಯುವುದೇಕೆ? ನಿವಾಸಿಗಳ ಲೆಕ್ಕ ಬೇರೆ. ಆ ಪೆಟ್ಟಿಗೆಯ ಮೂಲಕ ಫ್ಯಾಕ್ಸ್ ನಡೆಯದು; ಕಳ್ಳಕಾಕರ ಎಚ್ಚರಿಕೆಯ ಗಂಟೆ ನಡೆಯದು; ಒಂಟಿಯಾಗಿರುವ ವೃದ್ಧರು ಬಿದ್ದಾಗ ಗುಂಡಿಯೊತ್ತಿ ನೆರವು ಕೋರುವ ಉಪಕರಣವೂ ನಡೆಯದು. ಕರೆಂಟು ಹೋದರೆ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಅದಕ್ಕೆ ಜೀವ. ಪ್ರತಿಭಟನೆ ಬಲವಾಯಿತು. 2013ರ ಸೆಪ್ಟೆಂಬರಿನಲ್ಲಿ ಕಂಪನಿ ದ್ವೀಪಕ್ಕೆ ಬೆಳಕಿನ ಎಳೆಯ ಜಾಲವನ್ನು, ಅಂದರೆ ಆಪ್ಟಿಕಲ್ ಫೈಬರನ್ನು, ಹಾಕಲು ಒಪ್ಪಿತು.

ಇದನ್ನು ಜನರ ಗೆಲುವೆನ್ನಬಹುದು. ಆದರೂ ಒಂದು ಮಾತು ಉಳಿಯುತ್ತದೆ. ಬೆಳಕಿನ ಎಳೆ ಬೆಳಕನ್ನು ತರುತ್ತದೆ, ವಿದ್ಯುತ್ತನ್ನು ತರುವುದಿಲ್ಲ. ಅಲ್ಲಿಯೂ ಮನೆಯ ಕರೆಂಟೇ ಗತಿ. ಹಿಂದೆ ದೂರವಾಣಿ ಕೇಂದ್ರ ಹೊತ್ತಿದ್ದ ಭಾರವನ್ನು ಈಗ ಮನೆಯವನೇ ಹೊರಬೇಕಾಗಿದೆ. ಆ ವಿಷಯವನ್ನು ಅವನಿಗೆ ಬಿಡಿಸಿ ಹೇಳುವವರು ಅಪರೂಪ.

ನಮ್ಮ ಮಲೆನಾಡಿನ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಗಾಳಿಮಳೆಗೆ ದಿನಗಟ್ಟಲೆ ಕರೆಂಟಿಲ್ಲದಿದ್ದರೆ ಕೈಯಲ್ಲಿರುವ ಮೊಬೈಲು ಆರುತ್ತದೆ. ಬೆಟ್ಟದ ಮೇಲಿನ ಟವರಿನ ಬ್ಯಾಟರಿಯೂ ಬರಿದಾಗುತ್ತದೆ. ಮಕ್ಕಳು ದೂರದ ಊರುಗಳಲ್ಲಿದ್ದು, ತಂದೆತಾಯಿಗಳಿಬ್ಬರೇ ತೋಟದ ಮನೆಯಲ್ಲಿರುವಾಗ ಇದು ಸಣ್ಣ ಸಂಗತಿಯಲ್ಲ.

ಹೊಸದನ್ನು ಬೇಡವೆನ್ನುವುದು ವಿವೇಕವಲ್ಲ. ಆದರೆ ತಂತಿಯನ್ನು ಬಿಡುವ ಮುನ್ನ ಕೇಳಿಕೊಳ್ಳಬೇಕಾದುದಿದೆ: ಕರೆಂಟು ಹೋದರೆ ಇದು ಎಷ್ಟು ಗಂಟೆ ನಡೆಯುತ್ತದೆ? ಮನೆಯೊಳಗೆ ಸಿಗ್ನಲ್ ಚೆನ್ನಾಗಿದೆಯೆ? ವೃದ್ಧರ ನೆರವಿನ ಉಪಕರಣ ಇದರೊಡನೆ ಹೊಂದುತ್ತದೆಯೆ? ಉತ್ತರ ತೃಪ್ತಿಕರವಾಗಿದ್ದರೆ ಸಂತೋಷವಾಗಿ ಬದಲಾಯಿಸೋಣ. ಇಲ್ಲವಾದರೆ ಒಂದು ಹೆಚ್ಚಿನ ಬ್ಯಾಟರಿಯನ್ನಾದರೂ ಮನೆಯಲ್ಲಿಟ್ಟು, ವಯಸ್ಸಾದವರಿಗೆ ಅದರ ಬಳಕೆಯನ್ನು ತಾಳ್ಮೆಯಿಂದ ಕಲಿಸಿಕೊಡೋಣ.