ಬಾಟ್ ಪಾಸಾಯ್ತು ಅಂತ ಹೇಳೋರು ಯಾರು?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಫೋನ್‌ನಲ್ಲಿ ನಮ್ಮ ಜೊತೆ ಮಾತಾಡೋ ಬಾಟ್‌ಗಳ ಬಗ್ಗೆ. ಇವು ಚೆನ್ನಾಗಿ ಕೆಲಸ ಮಾಡ್ತಿವೆ ಅಂತ ಕಂಪನಿಗಳು ಅಂಕಿ ತೋರಿಸ್ತವೆ. ನಾನು ಬಿಕಾಂ ಓದಿದವಳು, ಅಂಕಿ ಕಂಡ್ರೆ ಅದರ ಹಿಂದಿನ ವೋಚರ್ ನೋಡೋ ಚಟ.

ಎಲ್ಲರೂ ಮೊದಲು ಹೇಳೋದು ವರ್ಡ್ ಎರರ್ ರೇಟ್. ಯಂತ್ರ ತಪ್ಪಾಗಿ ಕೇಳಿಸಿಕೊಂಡ ಪದ, ಬಿಟ್ಟ ಪದ, ತಾನೇ ಸೇರಿಸಿದ ಪದ, ಮೂರನ್ನೂ ಕೂಡಿಸಿ, ನೀವು ನಿಜವಾಗಿ ಆಡಿದ ಪದಗಳ ಸಂಖ್ಯೆಯಿಂದ ಭಾಗಿಸೋದು. ಕನ್ನಡದಲ್ಲಿ ಇದು ಎಂಥ ಎಡವಟ್ಟು ಮಾಡುತ್ತೆ ನೋಡಿ. ನೀವು ‘ನನಗೆ ಈ ಸಾಲ ಬೇಡಪ್ಪ’ ಅಂದ್ರಿ. ಒಂದು ಯಂತ್ರ ‘ನನಗೆ ಈ ಸಾಲ ಬೇಡ ಅಪ್ಪ’ ಅಂತ ಬರೆದುಕೊಳ್ತು. ಒಂದು ಪದ ಬದಲು, ಒಂದು ಹೆಚ್ಚುವರಿ. ನಾಲ್ಕು ಪದಕ್ಕೆ ಎರಡು ತಪ್ಪು, ಶೇ 50. ಇನ್ನೊಂದು ‘ನನಗೆ ಈ ಸಾಲ ಬೇಕಪ್ಪ’ ಅಂತ ಬರೆದುಕೊಳ್ತು. ಒಂದೇ ತಪ್ಪು, ಶೇ 25. ಲೆಕ್ಕದ ಪ್ರಕಾರ ಎರಡನೆಯದೇ ಜಾಣ! ಸಾಲ ಮಾತ್ರ ನಿಮ್ಮ ತಲೆ ಮೇಲೆ.

ಪದ ಎಣಿಸಿದ್ರೆ ಸಾಲದು, ಕೆಲಸ ಆಯ್ತಾ ನೋಡಬೇಕು. 1997ರಲ್ಲಿ ಅಮೆರಿಕದ ಎಟಿ ಆಂಡ್ ಟಿ ಲ್ಯಾಬ್ಸ್‌ನ ಮರ್ಲಿನ್ ವಾಕರ್ ಮತ್ತು ಮೂವರು ಸಹೋದ್ಯೋಗಿಗಳು ‘ಪ್ಯಾರಡೈಸ್’ ಅನ್ನೋ ವಿಧಾನ ಕೊಟ್ರು. ಕೆಲಸ ಎಷ್ಟು ಈಡೇರಿತು ಅನ್ನೋದು ಒಂದು ಕಡೆ. ಎಷ್ಟು ಸಮಯ ಹೋಯ್ತು, ಎಷ್ಟು ಸಲ ‘ಇನ್ನೊಮ್ಮೆ ಹೇಳಿ’ ಅನ್ನಿಸಿಕೊಂಡ್ರಿ, ಈ ಖರ್ಚು ಇನ್ನೊಂದು ಕಡೆ. ಥೇಟ್ ಲಾಭ-ನಷ್ಟದ ಖಾತೆ. ಯಾವುದಕ್ಕೆ ಎಷ್ಟು ತೂಕ ಅನ್ನೋದನ್ನ ಎಂಜಿನಿಯರ್ ಊಹಿಸಲ್ಲ, ಬಳಸಿದವರು ಕೊಟ್ಟ ತೃಪ್ತಿಯ ಅಂಕಗಳಿಂದ ಲೆಕ್ಕ ಹಾಕಿ ತೆಗೀತಾರೆ. ನನಗೆ ಇಷ್ಟವಾದದ್ದು ಇದೇ.

ಆದ್ರೆ ಯಾರ ತೃಪ್ತಿ? ದುಡ್ಡು ಕೊಟ್ಟು ಪ್ರಯೋಗಕ್ಕೆ ಕರೆಸಿದವರು ತಾಳ್ಮೆಯಿಂದ ಮಾತಾಡ್ತಾರೆ, ಅವರಿಗೆ ಯಾವ ಬಸ್ಸೂ ತಪ್ಪಿಹೋಗಲ್ಲ. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2005ರಲ್ಲಿ ‘ಲೆಟ್ಸ್ ಗೋ’ ಅನ್ನೋ ಬಸ್ ಮಾಹಿತಿ ಬಾಟನ್ನ ನಿಜವಾದ ಪ್ರಯಾಣಿಕರಿಗೇ ಬಿಟ್ರು, ಅದೂ ಸಿಬ್ಬಂದಿ ಇಲ್ಲದ ರಾತ್ರಿ ಹೊತ್ತಲ್ಲಿ. ಅಲ್ಲಿ ಗದ್ದಲ ಇತ್ತು, ಅವಸರ ಇತ್ತು. ಅಸಲಿ ಪರೀಕ್ಷೆ ಅಂದ್ರೆ ಅದು.

ಕಾಲ್ ಸೆಂಟರ್ ಲೆಕ್ಕದಲ್ಲಿ ‘ಕಂಟೇನ್‌ಮೆಂಟ್’ ಅಂತ ಒಂದಿದೆ. ಕರೆ ಮನುಷ್ಯರ ತನಕ ಹೋಗದೇ ಮುಗಿದ್ರೆ ಬಾಟ್ ಗೆದ್ದ ಹಾಗೆ. ಪಿಂಚಣಿ ಬಂತಾ ಅಂತ ಕೇಳೋ ಅಜ್ಜಿ ಮೂರು ಸಲ ಹೇಳಿ, ಬೇಸತ್ತು ಫೋನ್ ಇಟ್ಟರೂ ಪಾಸ್, ಅಂಥವರನ್ನ ಬೇರೆ ಎಣಿಸದಿದ್ದರೆ. ‘ಇಷ್ಟು ಪರ್ಸೆಂಟ್ ಕರೆ ನಮ್ಮ ಬಾಟೇ ನಿಭಾಯಿಸುತ್ತೆ’ ಅಂತ ಯಾರಾದ್ರೂ ಅಂದ್ರೆ, ಅದೇ ನಂಬರ್‌ನಿಂದ ಅದೇ ದಿನ ಮತ್ತೆ ಬಂದ ಕರೆಗಳು ಎಷ್ಟು ಅಂತ ಕೇಳಿ.

ಮುಂದಿನ ವಾರ ಸಿಗೋಣ.