ಎದುರಾಳಿ ಇಲ್ಲದ ಕತ್ತಿ

ನಾವು ಕೂತಿರುವ ಈ ಯಲಹಂಕಕ್ಕೆ ಹೆಬ್ಬಾಳ ದೂರವೇನಲ್ಲ. ಅಲ್ಲಿ 2018ರಲ್ಲಿ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಟ್ಟವಾಡಿ ಪಡೆಯ ದಾಳಿಗೆ ಎದುರು ನಿಂತು ಮಡಿದವನ ಕಲ್ಲು ಅದು. ಕಿತ್ತಯ್ಯನಿಗೆ ಎದುರಾಳಿ ಇದ್ದ, ಕಾಯಬೇಕಾದ ನಾಡಿತ್ತು. ಕಾಳಗದ ಕಾಲ ಮುಗಿದ ಮೇಲೂ ಜನ ಕತ್ತಿ ಹಿಡಿದು ಸಾಧನೆ ಮಾಡುತ್ತಲೇ ಬಂದರಲ್ಲ, ಯಾಕೆ? ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಚೀನಾದ ಕಡೆ ನೋಡೋಣ. ಅಲ್ಲಿನ ತಾಯ್ ಚಿ ಎಂಬ ನಿಧಾನ ಚಲನೆಯ ಕಾಳಗವಿದ್ಯೆಯಲ್ಲಿ ನೇರವಾದ ಎರಡಲಗಿನ ಕತ್ತಿ ಜಿಯಾನ್, ಬಾಗಿದ ಒಂದಲಗಿನದು ದಾವ್. 1957ರಲ್ಲಿ ತಾಯ್ ಚಿಯ ಯಾಂಗ್ ಪರಂಪರೆಯ ವರಸೆಗಳಿಂದ 32 ಪಟ್ಟುಗಳ ಜಿಯಾನ್ ಪಾಠವೊಂದು ರೂಪುಗೊಂಡಿತು. ಹೊಸಬರು ಮರದ ಕತ್ತಿಯಲ್ಲೇ ಕಲಿಯಬಹುದು. ಬರಿಗೈಯಲ್ಲಿ ಯಾರಿಗೂ ಕಾಣದ ಸಣ್ಣ ನಡುಕ ಕತ್ತಿಯ ಮೊನೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ತೋಳಿನ ಬಲದಿಂದ ಬೀಸಿದರೆ ಮೊನೆ ಅದುರುತ್ತದೆ. ಪಾದ ಊರಿ, ಸೊಂಟ ತಿರುಗಿ, ಅದರ ಹಿಂದೆ ಭುಜ, ಮೊಣಕೈ, ಮಣಿಕಟ್ಟು ಒಂದೊಂದಾಗಿ ಬರಬೇಕು. ಎಡಗೈಯೂ ಸುಮ್ಮನಿರುವುದಿಲ್ಲ: ತೋರುಬೆರಳು, ನಡುಬೆರಳು ಜೋಡಿಸಿ ಚಾಚಿ, ಉಳಿದೆರಡನ್ನು ಹೆಬ್ಬೆರಳಿನಿಂದ ಅದುಮಿ, ಕತ್ತಿಗೆ ಸಮತೂಕ ಕೊಡುತ್ತದೆ. ಇಷ್ಟನ್ನೂ ನಿಧಾನವಾಗಿ ಮಾಡುವುದೇ ಕಷ್ಟ. ವೇಗದಲ್ಲಿ ತಪ್ಪು ಮರೆಯಾಗುತ್ತದೆ.

ಇದು ಪರದೇಶದ ವಿದ್ಯೆ ಎಂದು ದೂರ ಇಡುವವರು ನಮ್ಮ ಕರಗವನ್ನು ನೆನೆಯಬೇಕು. ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರು ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗಕ್ಕೆ ವೀರಕುಮಾರರ ಬಿಚ್ಚುಗತ್ತಿಗಳ ಕಾವಲು. ತಿಮಿರಾಸುರನನ್ನು ಎದುರಿಸಲು ದ್ರೌಪದಮ್ಮ ಸೃಷ್ಟಿಸಿದ ಪಡೆ ಅವರು ಎಂಬುದು ನಂಬಿಕೆ. ದೀಕ್ಷೆ ತೊಟ್ಟು, ಗೋವಿಂದನ ನಾಮ ಕೂಗುತ್ತ, ಕತ್ತಿಯನ್ನು ತಮ್ಮ ಎದೆಗೇ ಬಡಿದುಕೊಳ್ಳುವುದು ಅಲಗು ಸೇವೆ. ನೋಡುವವರು ಅದರಲ್ಲಿ ಆವೇಶವನ್ನಷ್ಟೇ ಕಾಣುತ್ತಾರೆ. ನನಗೆ ಅದರ ಲೆಕ್ಕಾಚಾರ ದೊಡ್ಡದು. ಅಷ್ಟು ಹತ್ತಿರದ ಅಲಗನ್ನು ಲಯ ತಪ್ಪದೆ ಆಡಿಸಬೇಕಾದರೆ ಮೈ ಗರಡಿಯಲ್ಲಿ ಪಳಗಿರಬೇಕು.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ದೇವಿಯ ಸೇವೆ, ಇನ್ನೊಂದು ಮೈಯ ಶಿಸ್ತು. ಆದರೆ ಎರಡರಲ್ಲೂ ಹೊಡೆಯಲು ಎದುರಿಗೆ ಯಾರೂ ಇಲ್ಲ. ಕತ್ತಿ ಹಿಡಿದವನು ತನ್ನ ಮೈಗೆ ತಾನೇ ಹೊಣೆ.

ಹೀಗೆ ಮೈ ಪಳಗಿಸಲು ಜಾಗ ಬೇಕು. ನಮ್ಮ ಹೊಸ ಬಡಾವಣೆಗಳಲ್ಲಿ ಪಾರ್ಕಿಗೆ ಜಾಗ ಬಿಡುತ್ತೇವೆ, ಅದರೊಳಗೆ ಜಿಮ್ ಸಲಕರಣೆ ನಿಲ್ಲಿಸುತ್ತೇವೆ. ಅಲ್ಲೇ ಒಂದು ಮೂಲೆಯಲ್ಲಿ ಕೆಮ್ಮಣ್ಣು ಹಾಸಿದ ಗರಡಿಗೂ ಜಾಗ ಕೇಳೋಣ. ತಾಯ್ ಚಿ ಕಲಿಯುವವರೂ ಅಲ್ಲಿಗೆ ಬರಲಿ, ಗರಡಿಯ ಉಸ್ತಾದರೂ ಬರಲಿ.